ಎಂಟನೇ ಮಹಡಿಯ ಅಮಾಳ ತಾಯಿ

ಹೋದ ತಿಂಗಳು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಬೆಳಗಿನ ಹೊತ್ತು ಮೊಮ್ಮಗಳಿಗೆ ಎಣ್ಣೆನೀರು ಹಾಕಿ, ಟವೆಲಿನಲ್ಲಿ ಸುತ್ತಿ ತಂದು ಮಂಚದ ಮೇಲೆ ಕೂರಿಸಿದ್ದೆ. ಮಗಳು ಇಳಾ ಬೀರುವಿನಿಂದ ಒಂದು ಚಪ್ಪಟೆ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ಒಳಗೆ ಹಳದಿ ಬೆಣ್ಣೆಯಂಥದ್ದೇನೋ ಇತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ, ತಲೆ ಒರೆಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಹುರಿದ ಕಡಲೆಕಾಯಿಗೆ ಹೊಗೆ ತಾಗಿ, ಮೇಲೊಂದಿಷ್ಟು ಜಿಡ್ಡು ಸೇರಿದರೆ ಹೇಗಿರುತ್ತದೋ ಹಾಗೆ. ಎಲ್ಲರಿಗೂ ಹಿಡಿಸುವ ವಾಸನೆಯಲ್ಲ.

"ಏನೇ ಅದು?"

"ಶಿಯಾ ಬಟರ್ ಅಮ್ಮಾ. ಆಫ್ರಿಕಾದ್ದು, ಆನ್‌ಲೈನಲ್ಲಿ ತರಿಸ್ದೆ. ಪಾಪು ಮೊಣಕೈ ಎಲ್ಲಾ ಒಡೆದಿದೆ ನೋಡು."

ನೋಡಿದೆ. ಕಣ್ಣಿಗೆ ಬಂದದ್ದು ಇಪ್ಪತ್ತೈದು ವರ್ಷದ ಹಿಂದಿನ ಬೇರೊಂದು ಮಗುವಿನ ಮೊಣಕೈ, ಅದನ್ನು ಹಿಡಿದಿದ್ದ ಬೇರೊಬ್ಬ ತಾಯಿಯ ದೊಡ್ಡ ಕೈ...

ನಾವು ಟೋಕಿಯೊದ ಓಜಿಮಾಗೆ ಹೋದದ್ದು ವೈಟುಕೆ ಎಂಬ ಗುಮ್ಮ ಲೋಕವನ್ನೆಲ್ಲ ಹೆದರಿಸುತ್ತಿದ್ದ ವರ್ಷ. ಇಸವಿಯ ಕೊನೆಯ ಎರಡು ಅಂಕಿ ಸೊನ್ನೆ ಸೊನ್ನೆಯಾದ ಕೂಡಲೇ ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ನನ್ನ ಗಂಡನನ್ನು ಅವರ ಕಂಪನಿ ಒಂದು ಬ್ಯಾಂಕಿನ ಹಳೆಯ ಪ್ರೋಗ್ರಾಮುಗಳನ್ನು ತಿದ್ದಲು ಅಲ್ಲಿಗೆ ಕಳಿಸಿತ್ತು. ನಾನು ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವ ಕೆಲಸ ಬಿಟ್ಟು ಜೊತೆಗೆ ಹೋಗಿದ್ದೆ. ಇಳಾಗೆ ಆಗ ಐದು ವರ್ಷ.

ಈಗ ಓಜಿಮಾದ ಆ ವಸತಿ ಕಟ್ಟಡಗಳಲ್ಲಿ ನಮ್ಮವರು ಬೇಕಾದಷ್ಟು ಇದ್ದಾರಂತೆ. ಆಗ ಇದ್ದದ್ದು ಎರಡೋ ಮೂರೋ ಮನೆ, ಅವೂ ಬೇರೆ ಕಟ್ಟಡಗಳಲ್ಲಿ. ಬೆಳಿಗ್ಗೆ ಎಂಟಕ್ಕೆ ಗಂಡ ಹೊರಟು, ಇಳಾಳನ್ನು ಶಿಶುವಿಹಾರಕ್ಕೆ ಬಿಟ್ಟು ಬಂದರೆ ಮನೆಯಲ್ಲಿ ನಾನೊಬ್ಬಳೇ. ಅಂಗಡಿಗೆ ಹೋದರೆ ಕ್ಷಮಿಸಿ ಎನ್ನಲು ಒಂದು ಸುಮಿಮಾಸೆನ್, ಬರುವಾಗ ಥ್ಯಾಂಕ್ಸಿಗೆ ಒಂದು ಅರಿಗಾತೋ. ಆ ಎರಡು ಪದಗಳಲ್ಲಿ ನನ್ನ ದಿನದ ಮಾತು ಮುಗಿಯುತ್ತಿತ್ತು. ಕೆಲವು ಮಧ್ಯಾಹ್ನ ಕುಕ್ಕರಿನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. "ಕೂಗಮ್ಮ, ಇನ್ನೊಂದು ಸಲ ಕೂಗು" ಎನ್ನುತ್ತಿದ್ದೆ. ಆ ಮನೆಯಲ್ಲಿ ಉತ್ತರ ಕೊಡುತ್ತಿದ್ದದ್ದು ಅದೊಂದೇ.

ನಮ್ಮ ಎಂಟನೇ ಮಹಡಿಯಲ್ಲೇ, ಲಿಫ್ಟಿನ ಆಚೆ ಬದಿಯ ಕೊನೆಯ ಮನೆ ಆ ದೊಡ್ಡ ಕೈಯ ತಾಯಿಯದು. ಘಾನಾ ದೇಶದವರು. ಗಂಡ ಜಪಾನಿನವರು, ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಆ ದೇಶದ ಬಂದರಿನಲ್ಲಿ ಇವರನ್ನು ಕಂಡು, ಮದುವೆಯಾಗಿ ಕರೆತಂದಿದ್ದರು. ಕರೆತಂದ ಮನುಷ್ಯ ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲೆಯೇ ಇರುತ್ತಿದ್ದರು. ಇವರು ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು, ಊಟದ ಡಬ್ಬಿ ತುಂಬುವ ಕಾರ್ಖಾನೆಗೆ ಹೋಗಿ, ಮಧ್ಯಾಹ್ನ ವಾಪಸಾಗಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಮಗಳು ಅಮಾ, ಇಳಾಳ ವಾರಿಗೆಯವಳು. ಶನಿವಾರ ಹುಟ್ಟಿದ ಹೆಣ್ಣುಮಗುವಿಗೆ ಅವರ ಕಡೆ ಇಡುವ ಹೆಸರಂತೆ ಅದು. ಜಪಾನಿನಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು. ಚಾನ್ ಎಂಬುದು ಮಕ್ಕಳ ಹೆಸರಿಗೆ ಹಚ್ಚುವ ಮುದ್ದಿನ ಬಾಲ, ಮಾಮಾ ಎಂದರೆ ಅಮ್ಮ. ಹಾಗಾಗಿ ಅವರು ಅಮಾಚಾನ್ ಮಾಮಾ. ಅಲ್ಲಿಯವರ ನಾಲಿಗೆಗೆ ಳಕಾರ ಬಾರದ್ದರಿಂದ ನಾನು ಇರಾಚಾನ್ ಮಾಮಾ.

ಮೊದಲ ತಿಂಗಳು ನಾನು ಅವರನ್ನು ಮಾತಾಡಿಸಲಿಲ್ಲ. ಹೇಳಲು ನಾಚಿಕೆ, ಆದರೂ ಹೇಳಬೇಕು: ನನಗೆ ಅವರನ್ನು ಕಂಡರೆ ಭಯ. ಎತ್ತರದ ಆಳು, ಗಟ್ಟಿ ದನಿ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಗುವವರು. ಅವರು ಲಿಫ್ಟಿನಲ್ಲಿದ್ದರೆ ನಾನು ಏನನ್ನೋ ಮರೆತವಳಂತೆ ಚೀಲ ತಡಕಾಡುತ್ತಾ ನಿಂತು, ಲಿಫ್ಟು ಹೋಗಲು ಬಿಡುತ್ತಿದ್ದೆ. ಒಂದು ದಿನ ಅವರು ಬಾಗಿಲಿಗೆ ಕೈ ಅಡ್ಡ ಕೊಟ್ಟು ನಿಲ್ಲಿಸಿದರು.

"ಬನ್ನಿ, ಬನ್ನಿ. ನೀವು ಏನೂ ಮರೆತಿಲ್ಲ," ಎಂದರು ಇಂಗ್ಲಿಷಿನಲ್ಲಿ. ನಾನು ತಲೆ ತಗ್ಗಿಸಿ ಒಳಗೆ ಹೋದೆ. ಲಿಫ್ಟು ಹೊರಟಿತು. "ಬೆಳಿಗ್ಗೆ ಎಣ್ಣೇಲಿ ಏನೋ ಚಟಪಟ ಅನ್ನಿಸ್ತೀರಲ್ಲ, ಅದರ ವಾಸನೆ ನಮ್ಮನೆ ತನಕ ಬರುತ್ತೆ. ಏನದು?"

ಸಾಸಿವೆ, ಕರಿಬೇವು ಎಂದು ಹೇಗೋ ವಿವರಿಸಿದೆ.

"ಈ ಮಹಡೀಲಿ ವಾಸನೆ ಬರೋ ಮನೆ ಎರಡೇ. ನಿಮ್ಮದು, ನಮ್ಮದು. ಪರಿಚಯ ಇಟ್ಕೊಳ್ಳೋದು ಒಳ್ಳೇದು."

ಹಾಗೆ ಶುರುವಾಯಿತು. ಅಂದೇ ಸಂಜೆ ಅವರು ಒಂದು ತಟ್ಟೆ ಕರಿದ ಬಾಳೆಹಣ್ಣು ತಂದುಕೊಟ್ಟರು. ಮಾರನೇ ದಿನ ನಾನು ಚಿತ್ರಾನ್ನ ಕೊಟ್ಟೆ. ಭಾನುವಾರಗಳಲ್ಲಿ ಇಳಾ ಅಲ್ಲೇ ಇರುತ್ತಿದ್ದಳು. ಅಮಾಳ ತಾಯಿ ಮಗಳನ್ನು ಮಂಡಿಗಳ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಅದು ಅರ್ಧ ದಿನದ ಕೆಲಸ. ಬೈತಲೆ ಮೇಲೆ ಬೈತಲೆ ತೆಗೆದು, ಸಣ್ಣ ಸಣ್ಣ ಜಡೆ ಹೆಣೆದು, ಕೊನೆಗೆ ಆ ಹಳದಿ ಬೆಣ್ಣೆಯನ್ನು ಅಂಗೈಯಲ್ಲಿ ಕರಗಿಸಿ ಕೈಕಾಲಿಗೆಲ್ಲ ಸವರುತ್ತಿದ್ದರು. ಇಡೀ ಮನೆಗೆ ಅದೇ ವಾಸನೆ.

ಶಿಶುವಿಹಾರದಲ್ಲಿ ಇಳಾ, ಅಮಾ ಒಂದೇ ತರಗತಿ. ಅಲ್ಲಿ ಕಪ್ಪಗಿದ್ದವರು ಇವರಿಬ್ಬರೇ. ಅಲ್ಲಿಯ ಮಕ್ಕಳು ಕೆಟ್ಟವರಲ್ಲ, ಕುತೂಹಲದವರು. ಒಂದು ದಿನ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಒಂದು ಹುಡುಗಿ ಇಳಾಳ ಕೈ ನೋಡಿ, "ಇನ್ನೂ ಹೋಗಿಲ್ಲ" ಎಂದು ಸೋಪು ಕೊಟ್ಟಳಂತೆ. ಅಷ್ಟೇ. ಆ ಸಂಜೆ ನನ್ನ ಮಗಳು ಬಚ್ಚಲಿನಲ್ಲಿ ತಿಕ್ಕುವ ನಾರಿನಿಂದ ಕೈ ಕೆಂಪಾಗುವಷ್ಟು ಉಜ್ಜಿಕೊಳ್ಳುತ್ತಿದ್ದಳು. ನಾನು ಏನು ಮಾಡಬೇಕಿತ್ತು? ಮಾಡಿದ್ದು ಇದು: ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಮುಖಕ್ಕೆ ಹಚ್ಚಿದೆ. ನನ್ನ ಗಂಡನ ತಾಯಿ ಊರಿನಿಂದ ಕಳಿಸಿದ್ದ, ಬೆಳ್ಳಗಾಗುವ ಕ್ರೀಮಿನ ಟ್ಯೂಬು ಒಡೆದು ದಿನಾ ಹಚ್ಚಲು ಶುರುಮಾಡಿದೆ. ಪ್ರೀತಿಯಿಂದಲೇ ಹಚ್ಚಿದೆ. ನನಗೂ ನಮ್ಮಮ್ಮ ಹಾಗೇ ಹಚ್ಚಿದ್ದರು. ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ "ಕಪ್ಪಿ" ಎಂದು. ಅದು ಮುದ್ದಿನ ಹೆಸರು ಎಂದೇ ನಾನು ತಿಳಿದಿದ್ದೆ.

ಚಳಿ ಶುರುವಾಗುವ ಹೊತ್ತಿಗೆ, ಶಿಶುವಿಹಾರದಲ್ಲಿ ಮಕ್ಕಳಿಗೆ ತಮ್ಮ ತಮ್ಮ ಮುಖದ ಚಿತ್ರ ಬರೆಯಲು ಹೇಳಿದರು. ಆಗಿನ ಜಪಾನಿನ ಕ್ರೆಯಾನ್ ಪೆಟ್ಟಿಗೆಗಳಲ್ಲಿ ಹದಾಇರೋ ಎಂಬ ಬಣ್ಣವೊಂದಿರುತ್ತಿತ್ತು. ಹದಾ ಎಂದರೆ ಚರ್ಮ, ಇರೋ ಎಂದರೆ ಬಣ್ಣ. ತಿಳಿ ಕಿತ್ತಳೆಯಂಥ ಆ ಕಡ್ಡಿಯ ಹೆಸರೇ "ಚರ್ಮದ ಬಣ್ಣ". ಇಳಾ ಸುಮ್ಮನೆ ಅದನ್ನೇ ತೆಗೆದುಕೊಂಡು ತನ್ನ ಮುಖ ತುಂಬಿದಳು. ಅಮಾ ಕಂದು ಕಡ್ಡಿ ತೆಗೆದುಕೊಂಡಳು. ಪಕ್ಕದ ಹುಡುಗ ಅದು ಮಣ್ಣಿನ ಬಣ್ಣ, ಮುಖಕ್ಕೆ ಹಚ್ಚಬಾರದು ಎಂದ. ಟೀಚರು ಎಳೆಯ ಹುಡುಗಿ. ಜಗಳ ಬೇಡವೆಂದು ನಗುನಗುತ್ತಲೇ ಅಮಾಳ ಕೈಯಿಂದ ಕಂದು ಕಡ್ಡಿ ತೆಗೆದು, ಚರ್ಮದ ಬಣ್ಣದ ಕಡ್ಡಿ ಇಟ್ಟರು.

ಮಾರನೇ ದಿನದಿಂದ ಅಮಾ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೋಗತೊಡಗಿದಳು. ನೆಗಡಿಯಾದರೆ ಅಲ್ಲಿ ಎಲ್ಲರೂ ಹಾಕುವ ಬಿಳಿ ಬಟ್ಟೆಯ ಮಾಸ್ಕ್. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡರೆ ಕಣ್ಣೆರಡು ಮಾತ್ರ ಕಾಣುತ್ತಿತ್ತು. ಮೂರು ನಾಲ್ಕು ದಿನ ನೆಗಡಿಯಿರಬೇಕೆಂದು ಎಲ್ಲರೂ ಸುಮ್ಮನಿದ್ದರು. ಆಮೇಲೆ ಗೊತ್ತಾಯಿತು, ಅವಳು ಮಧ್ಯಾಹ್ನದ ಊಟಕ್ಕೂ ಅದನ್ನು ತೆಗೆಯುತ್ತಿಲ್ಲ, ಊಟವನ್ನೇ ಮಾಡುತ್ತಿಲ್ಲ. ಡಬ್ಬಿ ಹೇಗೆ ಹೋಗುತ್ತಿತ್ತೋ ಹಾಗೇ ಬರುತ್ತಿತ್ತು.

ಅವರ ಮನೆಗೆ ಹೋದಾಗ ಅಮಾಳ ತಾಯಿ ಅಳುತ್ತಿರಬಹುದೆಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕುಳಿತು ಗೋಡೆಗೆ ಫೋಟೋ ಅಂಟಿಸುತ್ತಿದ್ದರು. ಬಾಗಿಲಿನಿಂದ ಬಚ್ಚಲಿನ ಕನ್ನಡಿಯವರೆಗೆ ಒಂದೇ ಸಾಲು, ಎಲ್ಲ ನನ್ನ ಸೊಂಟದ ಎತ್ತರದಲ್ಲಿ.

"ಇಷ್ಟು ಕೆಳಗೆ ಯಾಕೆ?" ಎಂದೆ.

"ಅವಳ ಕಣ್ಣು ಅಲ್ಲೇ ಇರೋದು."

ದೊಡ್ಡ ಹೆಸರಿನವರ ಚಿತ್ರ ಅದರಲ್ಲಿ ಒಂದೂ ಇರಲಿಲ್ಲ. ಎಲ್ಲರೂ ಮನೆಯವರೇ. ಸಂತೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಏಳು ಮಕ್ಕಳನ್ನು ಓದಿಸಿದ ಅಜ್ಜಿ, ಹೆರಿಗೆ ಮಾಡಿಸುವ ನರ್ಸ್ ಚಿಕ್ಕಮ್ಮ, ಗಣಿತದ ಮೇಷ್ಟ್ರು ಮಾವ, ಲಾರಿ ಓಡಿಸುವ ಸೋದರಸಂಬಂಧಿ. ದಿನಾ ಸಂಜೆ ಅಮಾ ಒಬ್ಬರ ಮುಂದೆ ನಿಂತು ನಮಸ್ಕಾರ ಹೇಳಬೇಕು, ತಾಯಿ ಅವರ ಕಥೆ ಹೇಳಬೇಕು. ಹೀಗೆ ಸರದಿ.

"ಇಲ್ಲಿ ಟೀವಿ ಹಾಕಿದ್ರೆ, ಬೀದಿಗೆ ಹೋದ್ರೆ, ಪುಸ್ತಕ ತೆಗೆದ್ರೆ ಅವಳಂಥ ಒಬ್ಬರೂ ಅವಳಿಗೆ ಸಿಗಲ್ಲ. ಮಗು ಏನಂದ್ಕೋಬೇಕು? ನಾನೊಂದು ತಪ್ಪು ಅಂತ ತಾನೇ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಗಳಿಗೆ ಯಾರನ್ನ ತೋರಿಸ್ತೀರಿ?" ಎಂದು ಕೇಳಿದರು.

ನಮ್ಮಲ್ಲಿ ಹಾಗೇನೂ ತೊಂದರೆಯಿಲ್ಲ, ನಮ್ಮ ಕಡೆ "ಕಪ್ಪಗಿದ್ರೂ ಲಕ್ಷಣವಾಗಿದಾಳೆ" ಎಂದು ಹೊಗಳುತ್ತಾರೆ ಎಂದೆ. ಅದರ ಅರ್ಥವನ್ನೂ ಬಿಡಿಸಿ ಹೇಳಿದೆ. ಅವರು, "ಆ 'ಇದ್ರೂ' ತೆಗೆದು ಒಂದು ಸಲ ಹೇಳಿ," ಎಂದರು. ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ... ಬರಲಿಲ್ಲ. ನಕ್ಕುಬಿಟ್ಟೆ. ಅವರು ನಗಲಿಲ್ಲ.

ನನಗೆ ನಮ್ಮ ಸೋದರತ್ತೆಯ ನೆನಪು ಬಂದದ್ದು ಆಗ. ತಂದೆಯ ಅಕ್ಕ. ಮದುವೆಯಾಗಲಿಲ್ಲ, ಬಣ್ಣ ಕಂಡು ಎಲ್ಲರೂ ಹಿಂದೆ ಸರಿದರು. ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಡ್‌ಮಿಸ್ ಆಗಿದ್ದರು. ನನಗೆ ಕೆಮಿಸ್ಟ್ರಿಯ ರುಚಿ ಹತ್ತಿಸಿದವರೇ ಅವರು. ನಮ್ಮ ಬಾಯಲ್ಲಿ ಮಾತ್ರ ಅವರು ಯಾವತ್ತೂ "ಕಪ್ಪತ್ತೆ". ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವರು ಒಂದು ಚಿತ್ರದಲ್ಲಿದ್ದಾರೆ, ಅದೂ ಅರ್ಧ. ಅಮ್ಮನಿಗೆ ಕಾಗದ ಬರೆದು, ಅತ್ತೆಯ ಒಂದು ಫೋಟೋ ಹುಡುಕಿ ಕಳಿಸು ಎಂದೆ. ಯಾಕೆಂದು ಬರೆಯಲಿಲ್ಲ.

ಆ ಚಳಿಗಾಲದ ಮಧ್ಯಾಹ್ನಗಳೇ ಜಪಾನಿನಲ್ಲಿ ನಾನು ಒಂಟಿಯಲ್ಲದ ದಿನಗಳು. ಅಮಾಳ ತಾಯಿಗೆ ಮಕ್ಕಳಿಬ್ಬರಿಗೂ ಗೊಂಬೆ ಹೊಲಿಯಬೇಕೆಂದಿತ್ತು, ಅವರವರ ಬಣ್ಣದ ಗೊಂಬೆ. ಅಂಥ ಬಟ್ಟೆ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಬಿಳಿ ಹತ್ತಿಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಕುದಿಸಿದ್ದರು, ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತ್ತು. ಅದನ್ನು ಕಂಡು ನನ್ನೊಳಗಿನ ಲೆಕ್ಚರರ್ ಎದ್ದು ಕುಳಿತಳು. ಅಂಗಡಿಯಲ್ಲಿ ಉಪ್ಪಿನಕಾಯಿಗೆಂದು ಮಾರುವ ಪಟಿಕ ತಂದು ಬಣ್ಣ ಕೂರುವಂತೆ ಮಾಡಿದೆ. ತುಕ್ಕು ಹಿಡಿದ ಮೊಳೆಗಳನ್ನು ವಿನಿಗರಿನಲ್ಲಿ ನೆನೆಸಿ, ಆ ನೀರಿನ ನಾಲ್ಕೇ ಹನಿಯಿಂದ ಬಣ್ಣ ಗಾಢವಾಗುವುದನ್ನು ತೋರಿಸಿದೆ. ಅಮಾಳ ತಾಯಿ ಚಪ್ಪಾಳೆ ತಟ್ಟಿದರು. ಒಂದು ಅದ್ದು, ಎರಡು ಅದ್ದು, ಏಳು ಅದ್ದು... ಬಾಲ್ಕನಿಯ ತುಂಬ ಪಟ್ಟಿ ಪಟ್ಟಿ ಬಟ್ಟೆ. ಒಣಗಿದ ಒಂದೊಂದನ್ನೂ ಮಕ್ಕಳ ತೋಳಿಗೆ ಹಿಡಿದು ನೋಡುತ್ತಿದ್ದೆವು. ಹೆತ್ತು ಐದು ವರ್ಷವಾದ ಮೇಲೆ ನಾನು ಮಗಳ ಬಣ್ಣವನ್ನು ಸರಿಯಾಗಿ ನೋಡಿದ್ದು ಆಗಲೇ. ಕಪ್ಪು ಎಂದು ಒಂದೇ ಮಾತಲ್ಲಿ ಮುಗಿಸಿದ್ದೆನಲ್ಲ, ಅದರಲ್ಲಿ ಕೆಂಪಿತ್ತು, ಜೇನಿನಂಥದ್ದೇನೋ ಇತ್ತು. ಆದರೂ ಬೆಳಿಗ್ಗೆ ಎದ್ದರೆ ನನ್ನ ಕೈ ಅಭ್ಯಾಸಬಲದಿಂದ ಕ್ರೀಮಿನ ಟ್ಯೂಬಿನ ಕಡೆಗೇ ಹೋಗುತ್ತಿತ್ತು. ಹಚ್ಚುತ್ತಲೂ ಇದ್ದೆ.

ಗೊಂಬೆ ಸಿದ್ಧವಾದವು. ಅಮಾ ಅದನ್ನು ತಬ್ಬಿಕೊಂಡು ಮಲಗುತ್ತಿದ್ದಳು, ಮಾಸ್ಕ್ ಮಾತ್ರ ಬಿಡಲಿಲ್ಲ.

ಡಿಸೆಂಬರಿನಲ್ಲಿ ಅಮಾಳ ತಾಯಿ ಶಿಶುವಿಹಾರದ ಮುಖ್ಯಸ್ಥರನ್ನು ಕಂಡು ಮಾತಾಡಬೇಕೆಂದು ತೀರ್ಮಾನಿಸಿದರು. ಕೇಳಬೇಕಿದ್ದದ್ದು ಸಣ್ಣದು: ಆ ಕಡ್ಡಿಯನ್ನು ತರಗತಿಯಲ್ಲಿ ಚರ್ಮದ ಬಣ್ಣ ಎಂದು ಕರೆಯುವುದು ಬೇಡ, ಮಕ್ಕಳಿಗೆ ಬೇಕಾದ ಬಣ್ಣ ತೆಗೆದುಕೊಳ್ಳಲು ಬಿಡಿ. "ನೀವೂ ಬನ್ನಿ. ಒಬ್ಬಳೇ ಹೋದ್ರೆ ಇದು ನನ್ನೊಬ್ಬಳ ರಗಳೆ ಆಗುತ್ತೆ," ಎಂದರು. ಬರುತ್ತೇನೆ ಎಂದೆ. ಗುರುವಾರ ಹತ್ತು ಗಂಟೆಗೆ ಎಂದು ಸಮಯವೂ ಗೊತ್ತಾಯಿತು.

ಬುಧವಾರ ಸಂಜೆ ಗಂಡನಿಗೆ ಹೇಳಿದೆ. ವರ್ಷದ ಕೊನೆ ಹತ್ತಿರ ಬಂದಂತೆ ಅವರ ಮುಖ ಬಾಡಿಹೋಗಿತ್ತು.

"ನೋಡು, ನಾವಿಲ್ಲಿ ಇರೋದು ಒಂದೂವರೆ ವರ್ಷ. ಕಂಪ್ಲೇಂಟ್ ಗಿಂಪ್ಲೇಂಟ್ ಅಂತ ಹೋಗಿ ಹೆಸರು ಕೆಡಿಸ್ಕೋಬೇಡ."

"ಕಂಪ್ಲೇಂಟ್ ಅಲ್ಲ ರೀ, ಸುಮ್ನೆ ಮಾತಾಡೋದು."

"ಅವರ ಪ್ರಾಬ್ಲಂ ಬೇರೆ, ನಮ್ಮದು ಬೇರೆ. ಅವರ ಜೊತೆ ನಮ್ಮನ್ನ ಯಾಕೆ ಸೇರಿಸ್ಕೋತಾರೆ?"

ಆ ಕೊನೆಯ ಮಾತು ನನಗೂ ಸಮ್ಮತವಾಯಿತು. ಗಂಡನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು, ಆದರೆ ಅದು ನಿಜವಲ್ಲ. ನಾವು ಅವರಲ್ಲ ಎಂದುಕೊಳ್ಳುವುದರಲ್ಲಿ ನನಗೊಂದು ನೆಮ್ಮದಿ ಸಿಕ್ಕಿತು.

ಗುರುವಾರ ಒಂಬತ್ತೂವರೆಗೆ ಬೆಲ್ಲಾಯಿತು. ನಾನು ಅಡುಗೆಮನೆಯಲ್ಲಿ ನಿಂತಲ್ಲೇ ನಿಂತೆ. ಎರಡನೇ ಸಲ ಆಯಿತು. ಸ್ಟವ್ ಆರಿಸಿದೆ, ಸದ್ದಾಗದಂತೆ. ಮೂರನೇ ಸಲದ ನಂತರ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವರ ಬೂಟಿನ ಸಪ್ಪಳ ಲಿಫ್ಟಿನ ಕಡೆ ಹೋಯಿತು.

ಆ ಮಧ್ಯಾಹ್ನ ಅವರೇ ಬಂದರು. ಈ ಸಲ ಬಾಗಿಲು ತೆಗೆದೆ. ಒಳಗೆ ಬನ್ನಿ ಎಂದೆ, ಬರಲಿಲ್ಲ. ತಲೆನೋವಿತ್ತು ಎಂದು ನಾನು ಶುರುಮಾಡುವಷ್ಟರಲ್ಲಿ ಅವರೇ ಹೇಳಿದರು:

"ಅವರು ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ನಾಲ್ಕು ಸಲ ತಲೆ ಬಗ್ಗಿಸಿದ್ರು. ಕೊನೇಲಿ ಏನಂದ್ರು ಗೊತ್ತಾ? 'ಇರಾಚಾನ್ ತಾಯಿ ಯಾವತ್ತೂ ಏನೂ ಹೇಳಿಲ್ಲ. ಆ ಮಗು ಚರ್ಮದ ಬಣ್ಣದಲ್ಲೇ ಚಿತ್ರ ಬರೆದು ಖುಷಿಯಾಗಿದೆ. ನಿಮ್ಮ ಮಗಳೂ ನಿಧಾನವಾಗಿ ಹೊಂದ್ಕೋತಾಳೆ' ಅಂದ್ರು."

ಅವರು ಹೊರಡಲು ತಿರುಗಿದರು.

"ಬೆಳಿಗ್ಗೆ ನೀವು ಮನೇಲೇ ಇದ್ರಿ. ನಿಮ್ಮ ಒಗ್ಗರಣೆ ವಾಸನೆ ಬರ್ತಿತ್ತು," ಎಂದು ಹೇಳಿ ಹೊರಟುಹೋದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಆಮೇಲಿನ ವಾರಗಳು... ನಮ್ಮ ನಡುವೆ ಜಗಳವೇನೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಅವರು ಜಪಾನಿನವರಂತೆ ನಯವಾಗಿ ತಲೆ ಬಾಗಿಸುತ್ತಿದ್ದರು. ಅದೇ ಶಿಕ್ಷೆ. ಹೊಸ ವರ್ಷ ಬಂತು. ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಗಂಡ ಬೆಳಿಗ್ಗೆ ಆಫೀಸಿನಿಂದ ಬಂದು ಎರಡು ದಿನ ನಿದ್ದೆ ಮಾಡಿದರು. ನಾನು ಬಾಲ್ಕನಿಯಲ್ಲಿ ನಿಂತು, ಲೋಕ ಹೇಗಿತ್ತೋ ಹಾಗೇ ಇರುವುದನ್ನು ನೋಡಿದೆ. ಹಂಚಿಕೊಂಡು ನಗಲು ಆ ಮಹಡಿಯಲ್ಲಿ ನನಗೆ ಯಾರೂ ಇರಲಿಲ್ಲ.

ರಜೆ ಮುಗಿದು ಶಿಶುವಿಹಾರ ತೆರೆದ ದಿನ ಇಳಾ ಹೊರಡಲು ಸಿದ್ಧಳಾಗಿ ಬಾಗಿಲ ಹತ್ತಿರ ನಿಂತಿದ್ದಳು. ಮುಖಕ್ಕೆ ಬಿಳಿಯ ಮಾಸ್ಕ್.

"ನೆಗಡಿ ಇಲ್ವಲ್ಲ ಪುಟ್ಟ, ಯಾಕೆ?"

"ಅಮಾಚಾನ್ ಹಾಕ್ಕೋತಾಳಲ್ಲ," ಎಂದಳು ಮಾಸ್ಕಿನ ಒಳಗಿನಿಂದ. "ನಾವಿಬ್ರೂ ಒಂದೇ ಅಲ್ವಾ ಅಮ್ಮಾ?"

ನನ್ನ ಗಂಡನಿಗೆ, ನನಗೆ ಗೊತ್ತಾಗದಿದ್ದದ್ದು ಆ ಮಗುವಿಗೆ ಗೊತ್ತಿತ್ತು. ಅವಳನ್ನು ಬಿಟ್ಟು ಬಂದು, ಬಚ್ಚಲಮನೆಯ ಕಪಾಟಿನಲ್ಲಿದ್ದ ಕ್ರೀಮಿನ ಟ್ಯೂಬುಗಳನ್ನೆಲ್ಲ ಕಸದ ಚೀಲಕ್ಕೆ ಹಾಕಿದೆ. ಅಂದಿನ ಟಪಾಲಿನಲ್ಲೋ ಮಾರನೇ ದಿನದ್ದರಲ್ಲೋ ಅಮ್ಮ ಕಳಿಸಿದ ಫೋಟೋ ಬಂತು: ಶಾಲೆಯ ಮೆಟ್ಟಿಲ ಮೇಲೆ, ಬಿಳಿ ಸೀರೆಯಲ್ಲಿ, ಹುಡುಗಿಯರ ನಡುವೆ ನಿಂತ ಅತ್ತೆ. ಅದನ್ನು ಇಳಾಳ ಕಣ್ಣಿನ ಎತ್ತರಕ್ಕೆ ಅಂಟಿಸಿದೆ. ಯಾರಮ್ಮ ಇದು ಎಂದಳು. ಮೊದಲ ಬಾರಿಗೆ ಅತ್ತೆಯ ನಿಜವಾದ ಹೆಸರನ್ನು ಹೇಳಿದೆ.

ಆ ವಾರವೇ ಶಿಶುವಿಹಾರಕ್ಕೆ ಹೋದೆ, ಒಬ್ಬಳೇ. ಡಿಕ್ಷನರಿ ನೋಡಿ ಒಂದೇ ಒಂದು ವಾಕ್ಯ ಕಟ್ಟಿ, ಕನ್ನಡ ಅಕ್ಷರದಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದೆ. ಬೂಟು ಬಿಚ್ಚಿಟ್ಟು, ಅವರು ಕೊಟ್ಟ ದೊಡ್ಡ ಚಪ್ಪಲಿ ಎಳೆದುಕೊಂಡು ಮುಖ್ಯಸ್ಥರ ಕೋಣೆಯವರೆಗೆ ನಡೆದೆ. ವಯಸ್ಸಾದ ಮನುಷ್ಯ, ಸಾಧು ಮುಖ. ಕುಳಿತು ಅಂಗೈ ಬಿಡಿಸಿ ಓದಿದೆ: "ವತಾಶಿ ಮೋ ಕೊಮತ್ತೆ ಇಮಾಸು." ನನಗೂ ತೊಂದರೆಯಾಗಿದೆ. ಅವರು ನನ್ನ ಮುಖ ನೋಡಿದರು, ಅಂಗೈ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಒಂದು ಬೆಳಗಿನ ಪಾಠವನ್ನು ನೀವಿಬ್ಬರು ತಾಯಂದಿರೇ ಬಂದು ನಡೆಸಿಕೊಡಿ ಎಂದು ಕೊನೆಗೆ, ಕೈಸನ್ನೆ ಬೆರೆಸಿ ಬಿಡಿಬಿಡಿಯಾಗಿ ಹೇಳಿದ್ದು ಅವರೇ.

ಬಂದವಳೇ ಅಮಾಳ ತಾಯಿಯ ಬಾಗಿಲು ಬಡಿದೆ. ವಿಷಯ ಹೇಳಿದೆ.

"ಒಬ್ರೇ ಹೋಗಿದ್ರಾ?" ಎಂದರು.

"ಹೂಂ, ಒಬ್ಳೇ."

"ಆ ಚಪ್ಪಲಿ ಹಾಕ್ಕೊಂಡು ಒಬ್ಬರೇ ನಡೆಯುವಾಗ ಆ ಕಾರಿಡಾರ್ ಬಹಳ ಉದ್ದ. ಅಲ್ವಾ?"

ನಾನು ತಲೆಯಾಡಿಸಿದೆ. ಅವರು ಬಾಗಿಲು ಪೂರ್ತಿ ತೆಗೆದು ಒಳಗೆ ಹೋದರು. ಬಾ ಎನ್ನಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಹಿಂದೆಯೇ ಹೋದೆ. ಟೀ ನೀರಿಗೆ ಪಾತ್ರೆ ಇಟ್ಟಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ನಾವಿಬ್ಬರೂ ನಲವತ್ತು ತುಂಡು ಬಟ್ಟೆ ಹೊತ್ತು ಹೋದೆವು. ಹಾಲಿನಂಥ ಬಿಳುಪಿನಿಂದ ಹಿಡಿದು ಕಾಫಿಬೀಜದ ಬಣ್ಣದವರೆಗೆ. ನೆಲದ ಮೇಲೆ ಹರಡಿದೆವು. ಅಮಾಳ ತಾಯಿ ತಮ್ಮ ಒರಟು ಜಪಾನಿ ಭಾಷೆಯಲ್ಲಿ ಕೇಳಿದರು, "ಇದರಲ್ಲಿ ಚರ್ಮದ ಬಣ್ಣ ಯಾವುದು?" ಮಕ್ಕಳೆಲ್ಲ ಒ‍ಟ್ಟಿಗೆ ಒಂದು ತಿಳಿಬಣ್ಣದ ತುಂಡು ತೋರಿಸಿದರು. "ಯಾರ ಚರ್ಮದ್ದು? ಕೈಗೆ ಹಿಡಿದು ನೋಡಿ."

ಮೊದಲು ಒಬ್ಬ ಹುಡುಗ ಹಿಡಿದ. ಅವನದಲ್ಲ. ಪಕ್ಕದವಳದೂ ಅಲ್ಲ. ಆಮೇಲೆ ತರಗತಿ ಗದ್ದಲವೋ ಗದ್ದಲ. ಎಲ್ಲರೂ ಅಂಗಿಯ ತೋಳು ಮಡಚಿಕೊಂಡು ತಮ್ಮ ತಮ್ಮ ಬಟ್ಟೆ ಹುಡುಕುವವರೇ. ಎಳೆಯ ಟೀಚರು ತನ್ನದನ್ನು ಹುಡುಕಿಕೊಂಡು ಕಣ್ಣು ಒರೆಸಿಕೊಂಡರು. ಮುಖ್ಯಸ್ಥರ ಕೈ ತುಂಬ ವಯಸ್ಸಿನ ಚುಕ್ಕೆಗಳು. ಅವರಿಗೆ ಒಂದು ತುಂಡು ಸಾಲದು, ಮೂರು ಬೇಕು ಎಂದು ಮಕ್ಕಳು ಕೂಗಿದರು. ಏಳು ಸಲ ಅದ್ದಿದ ತುಂಡನ್ನು ಇಳಾ ತಾನೇ ಹೋಗಿ ತನ್ನದೆಂದು ಎತ್ತಿಕೊಂಡಳು.

ಅಮಾ ಮೂಲೆಯಲ್ಲಿ ನಿಂತಿದ್ದಳು. ಅವಳ ತಾಯಿ ಕರೆಯಲಿಲ್ಲ, ಆ ಕಡೆ ನೋಡಲೂ ಇಲ್ಲ. ಮಣ್ಣಿನ ಬಣ್ಣ ಎಂದಿದ್ದನಲ್ಲ, ಆ ಹುಡುಗನೇ ಕೊನೆಯ ಗಾಢ ತುಂಡನ್ನು ಕೈಯಲ್ಲಿ ಹಿಡಿದು ಓಡಿದ. "ಅಮಾಚಾನ್, ನಿಂದು ಸಿಕ್ಕಿತು! ಇದಕ್ಕೆ ಟೀ ವಾಸನೆ ಇದೆ!" ಅಮಾ ತೋಳಿಗೆ ಹಿಡಿದು ನೋಡಿದಳು. ಆಮೇಲೆ ಮೂಸಿ ನೋಡಲೆಂದು ಮಾಸ್ಕನ್ನು ಗಲ್ಲದ ಕೆಳಗೆ ಎಳೆದಳು. ಮತ್ತೆ ಮೇಲೆ ಎಳೆದುಕೊಳ್ಳುವುದನ್ನು ಮರೆತಳು. ಊಟದ ಗಂಟೆಯಾಗುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ಅವಳು ತಿಂದಳು, ಡಬ್ಬಿಯ ಮೂಲೆಯಲ್ಲಿದ್ದ ಕೊನೆಯ ಅಗುಳಿನವರೆಗೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಮಾರ್ಚಿನಲ್ಲಿ ಶಾಲೆಯ ವರ್ಷ ಮುಗಿದಾಗ ಅಮಾಳ ತಾಯಿ ಮಗಳನ್ನು ಕರೆದುಕೊಂಡು ತಮ್ಮ ದೇಶಕ್ಕೆ ಹೊರಟರು. ಎಲ್ಲ ಸರಿಹೋಯಿತಲ್ಲ, ಈಗ ಯಾಕೆ ಎಂದು ಕೇಳಿದೆ. ಅವರು ಪೆಟ್ಟಿಗೆ ಕಟ್ಟುತ್ತಿದ್ದರು. ಗೋಡೆಯ ಫೋಟೋಗಳೆಲ್ಲ ಕಿತ್ತು ಬಂದಿದ್ದವು.

"ಒಂದು ಬೆಳಿಗ್ಗೆ ಸರಿಹೋಯ್ತು. ಅವಳಿಗೆ ಇನ್ನೂ ಎಷ್ಟು ಬೆಳಿಗ್ಗೆ ಇದೆ? ಪ್ರತಿ ಸಲ ನಾನು ಬಟ್ಟೆ ಹೊತ್ಕೊಂಡು ಹೋಗ್ಲಾ?" ಎಂದರು. ಪೆಟ್ಟಿಗೆಯ ಹಗ್ಗ ಬಿಗಿಯುತ್ತಾ, "ಗೋಡೆ ಮೇಲಿರೋ ಅಜ್ಜಿ ಸಾಕಾಗಲ್ಲ. ಅವಳನ್ನ ಎತ್ಕೊಳ್ಳೋ ಅಜ್ಜಿ ಬೇಕು," ಎಂದರು. ಅವರ ಗಂಡ ಏನೆಂದರೆಂದು ನಾನು ಕೇಳಲಿಲ್ಲ. ಅವರು ಆಗಲೂ ಯಾವುದೋ ಸಮುದ್ರದ ಮೇಲಿದ್ದರು.

ವಿಮಾನ ನಿಲ್ದಾಣದ ಬಸ್ಸಿಗೆ ಬಿಡಲು ಹೋಗಿದ್ದೆ. ಡಿಸೆಂಬರಿನ ಆ ಗುರುವಾರದ ಬಗ್ಗೆ ನಾವು ಆಮೇಲೆ ಒಂದು ಮಾತೂ ಆಡಿರಲಿಲ್ಲ. ಅವತ್ತು ಹೇಳಿಬಿಡಬೇಕೆಂದು ರಾತ್ರಿಯೆಲ್ಲ ವಾಕ್ಯ ಜೋಡಿಸಿಕೊಂಡಿದ್ದೆ. ಮಕ್ಕಳು ಕೈ ಹಿಡಿದುಕೊಂಡು ಕುಣಿಯುತ್ತಿದ್ದರು. ಅವರು ಪೆಟ್ಟಿಗೆ ಎಣಿಸುತ್ತಿದ್ದರು. ನಾನು "ನೋಡಿ, ಅವತ್ತು..." ಎಂದೆ. ಅವರು ತಲೆಯೆತ್ತಿದರು. ಅಷ್ಟರಲ್ಲಿ ಬಸ್ಸು ಬಂತು. ಜಪಾನಿನ ಬಸ್ಸು, ಒಂದು ನಿಮಿಷವೂ ತಡವಾಗಲಿಲ್ಲ.

ಒಂದು ಕಾಗದ ಬಂದಿತ್ತು, ಜೊತೆಗೊಂದು ಫೋಟೋ. ಶಾಲೆಯ ಅಂಗಳದಲ್ಲಿ ಒಂದೇ ಸಮವಸ್ತ್ರದ ಐವತ್ತು ಅರವತ್ತು ಮಕ್ಕಳು. ಅಷ್ಟು ಮುಖಗಳ ನಡುವೆ ಅಮಾ ಯಾರೆಂದು ಹುಡುಕಲು ನನಗೆ ಹೊತ್ತು ಹಿಡಿಯಿತು. ಅವಳ ತಾಯಿಗೆ ಬೇಕಾಗಿದ್ದದ್ದು ಅದೇ ಇರಬೇಕು. ನಾನು ಎರಡು ಸಲ ಬರೆದೆ, ಕ್ಷಮೆಯ ಮಾತು ಮಾತ್ರ ಆ ಕಾಗದಗಳಲ್ಲೂ ಬರಲಿಲ್ಲ. ಆಮೇಲೆ ನಾವು ಓಜಿಮಾ ಬಿಟ್ಟೆವು, ಮನೆಯ ಮೇಲೆ ಮನೆ ಬದಲಾಯಿಸಿದೆವು. ವಿಳಾಸವಿದ್ದ ಪುಸ್ತಕ ಎಲ್ಲೋ ಹೋಯಿತು. ಅವರು ಹೋದ ಮೇಲೆ ನಾವು ಓಜಿಮಾದಲ್ಲಿದ್ದ ಒಂದು ವರ್ಷ, ಅವರ ಕೊನೆಯ ಮನೆಗೆ ಬಂದಿದ್ದ ಎಳೆಯ ದಂಪತಿಗಳು ಬಹಳ ಒಳ್ಳೆಯವರು. ಅವರ ಮನೆಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ.

ಅಂದು ಬೆಂಗಳೂರಿನಲ್ಲಿ, ಇಳಾ ಮಗುವಿನ ತೋಳಿಗೆ ಸವರುತ್ತಾ ಬಾಯಲ್ಲೇ ಏನೋ ಗುನುಗುತ್ತಿದ್ದಳು. ಕನ್ನಡವಲ್ಲ, ಜಪಾನಿಯೂ ಅಲ್ಲ.

"ಏನೇ ಹೇಳ್ತಿದೀಯ ಅದು?"

"ಯಾವುದು? ಓ... ವೊ ಹೋ ಯೆ ಫೆ. ಅಮಾಳ ಅಮ್ಮ ಹೇಳ್ತಿದ್ರಲ್ಲ."

"ನಂಗೆ ಗೊತ್ತಿಲ್ಲ."

"ಅವಳಿಗೆ ಹಚ್ಚುವಾಗೆಲ್ಲಾ ಹೇಳೋರು. ನಾನೂ ಕೈ ಚಾಚಿದ್ರೆ ನಂಗೂ ಹಚ್ಚಿ ಹೇಳೋರು. ನೀನು ಚೆಂದ ಇದೀಯ ಅಂತ. ನೀವಿಬ್ರೂ ಮಾತು ಬಿಟ್ಟಿದ್ರಲ್ಲ ಅಮ್ಮಾ, ಆಗ್ಲೂ ಸ್ಕೂಲ್ ಗೇಟ್ ಹತ್ರ ಬಗ್ಗಿ ಕಿವೀಲಿ ಹೇಳಿ ಹೋಗೋರು." ಡಬ್ಬಿಯ ಮುಚ್ಚಳ ಹಾಕುತ್ತಾ ಇಳಾ ಹೇಳಿದಳು, "ನಂಗೆ ಹಾಗೆ ಹೇಳಿದ ಮೊದಲ್ನೇ ದೊಡ್ಡೋರು ಅವರೇ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ನಾನು ಮಂಚದ ಅಂಚಿನಲ್ಲಿ ಕುಳಿತೇ ಇದ್ದೆ. ಅವರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ನನ್ನ ಮೇಲೆ ಬೇಸರ ಹೊತ್ತ ಆ ವಾರಗಳಲ್ಲೂ, ನಾನು ಹೇಳಬೇಕಿದ್ದ ಮಾತನ್ನು ಅವರು ನನ್ನ ಮಗಳ ಕಿವಿಗೆ ತಲುಪಿಸುತ್ತಲೇ ಇದ್ದರು. ನನಗದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ಅವತ್ತಿನ ಕ್ಷಮೆಯ ಮಾತನ್ನು ಈಗ ಹೇಳೋಣವೆಂದರೆ ಆ ತುದಿಯಲ್ಲಿ ಕೇಳುವವರಿಲ್ಲ.